ಒಕೊಂಕ್ವೊ ಯಾಕೆ ನೇಣು ಹಾಕಿಕೊಂಡ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನೈಜೀರಿಯಾದ ಲೇಖಕ ಚಿನುವಾ ಅಚಿಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ ಈ ಸಲ ಪಠ್ಯದಲ್ಲಿದೆ. ಒಕೊಂಕ್ವೊ ದುರಂತ ನಾಯಕ, ಅವನ ದೋಷ ಕೋಪ ಮತ್ತು ಅಹಂಕಾರ ಎಂದು ಗೈಡುಗಳಲ್ಲಿ ಬರೆದಿರುತ್ತಾರೆ. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಅಷ್ಟು ಧೈರ್ಯದ ಮನುಷ್ಯ ಕೊನೆಗೆ ನೇಣು ಹಾಕಿಕೊಂಡನಲ್ಲ, ಅದು ಹೇಡಿತನ ಅಲ್ವಾ ಮೇಡಂ?" ಎಂದು ಕೇಳಿದಳು. ನನಗೆ ತೃಪ್ತಿ ಕೊಡುವ ಉತ್ತರ ಸಿಗಲಿಲ್ಲ. ಬಿಳಿಯರು ಬರದೇ ಇದ್ದಿದ್ದರೆ ಅವನು ಉಳಿಯುತ್ತಿದ್ದನೇ? ದುರಂತ ನಾಯಕನಿಗೆ ಗ್ರೀಕ್ ಚಿಂತಕ ಅರಿಸ್ಟಾಟಲ್ ಇಟ್ಟ ಅಳತೆಗೆ ಅವನು ಹೊಂದುತ್ತಾನೆಯೇ?

ಉತ್ತರ: ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಕಾದಂಬರಿಯ ಒಳಗೂ ಜನ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಊರಿನ ಕೊನೆಯ ಸಭೆಯಲ್ಲಿ ಒಕೊಂಕ್ವೊ ಬಿಳಿಯರ ಕೋರ್ಟಿನ ಜವಾನನನ್ನು ಮಚ್ಚಿನಿಂದ ಕಡಿದು ಹಾಕುತ್ತಾನೆ. ಕಿಕ್ಕಿರಿದ ಜನರಲ್ಲಿ ಒಬ್ಬನೂ ಅವನ ಹಿಂದೆ ಬರುವುದಿಲ್ಲ. ಉಳಿದ ಜವಾನರು ತಪ್ಪಿಸಿಕೊಳ್ಳಲು ಬಿಡುತ್ತಾರೆ. ಗದ್ದಲದ ನಡುವೆ "ಅವನು ಯಾಕೆ ಹೀಗೆ ಮಾಡಿದ?" ಎಂಬ ಮಾತು ಕೇಳಿಸುತ್ತದೆ. ಅವನು ಮಚ್ಚನ್ನು ಮರಳಿಗೆ ಒರೆಸಿ ಹೊರಟುಹೋಗುತ್ತಾನೆ. ಮುಂದೆ ನಮಗೆ ಸಿಗುವುದು ಮರಕ್ಕೆ ತೂಗುತ್ತಿರುವ ಅವನ ಹೆಣ.

ಕೋಪ, ಅಹಂಕಾರ ಎಂದು ಗೈಡುಗಳು ಹೇಳುವುದು ಸುಳ್ಳಲ್ಲ. ಆದರೆ ಕೋಪಿಷ್ಠರೆಲ್ಲ ನೇಣು ಹಾಕಿಕೊಳ್ಳುವುದಿಲ್ಲ. ನನ್ನ ಪ್ರಕಾರ ಉತ್ತರ ಮೂರನೇ ಅಧ್ಯಾಯದ ಕೊನೆಯಲ್ಲೇ ಇದೆ. ಹೇಳುವವನು ಅವನ ಅಪ್ಪ ಉನೋಕ. ಎಲ್ಲರೂ ಆ ಮಾತನ್ನು ಓದಿ ಸುಮ್ನೆ ದಾಟಿಹೋಗುತ್ತಾರೆ. ಯಾಕೆಂದರೆ ಒಕೊಂಕ್ವೊನೂ ಅದನ್ನು ಹಾಗೇ ದಾಟಿಹೋಗುತ್ತಾನೆ.

ಪುಸ್ತಕ ಓದದವರಿಗಾಗಿ ಎರಡು ಮಾತು. 1958ರಲ್ಲಿ ಬಂದ ಈ ಕಾದಂಬರಿಯ ಕಥೆ ನಡೆಯುವುದು ಇಂದಿನ ನೈಜೀರಿಯಾದ ಆಗ್ನೇಯ ಭಾಗದಲ್ಲಿ, ಬ್ರಿಟಿಷರು ಅಲ್ಲಿಗೆ ಕಾಲಿಡುವ ಹೊತ್ತಿನಲ್ಲಿ. ಇಗ್ಬೊ ಜನರ ಈ ಸೀಮೆಯ ಹೆಸರು ಉಮುವೊಫಿಯ. ಒಂಬತ್ತು ಹಳ್ಳಿಗಳು. ಅಲ್ಲಿ ರಾಜನಿಲ್ಲ. ಹಿರಿಯರು, ಬಿರುದು ಪಡೆದವರು, ದೇವರ ಮಾತು ಹೇಳುವ ಪೂಜಾರಿಗಳು ಮತ್ತು ಊರಿನ ಸಭೆ ಸೇರಿ ಎಲ್ಲವನ್ನೂ ತೀರ್ಮಾನಿಸುತ್ತಾರೆ. ಹುಟ್ಟಿದ ಮನೆಯಿಂದ ಯಾರೂ ದೊಡ್ಡವರಾಗುವುದಿಲ್ಲ. ದುಡಿದು, ಗೆದ್ದು ಮೇಲೆ ಬರಬೇಕು. ಒಕೊಂಕ್ವೊ ಹಾಗೆ ಬಂದವನು. ಏಳು ವರ್ಷ ಯಾರೂ ಸೋಲಿಸದ ಜಟ್ಟಿಯನ್ನು 18ನೇ ವಯಸ್ಸಿನಲ್ಲಿ ಚಿತ್ ಮಾಡಿದವನು.

ಅವನ ಅಪ್ಪನಿಗೆ ಕೊಳಲು ಎಂದರೆ ಪ್ರಾಣ. ಜೊತೆಗೆ ಹೆಂಡ, ಹರಟೆ. ಹೊಲದ ಕೆಲಸ ಅಷ್ಟಕ್ಕಷ್ಟೇ. ಊರ ತುಂಬಾ ಸಾಲ. ಕೊನೆಗೆ ಹೊಟ್ಟೆ, ಕೈಕಾಲು ಊದಿಕೊಳ್ಳುವ ಕಾಯಿಲೆ ಬರುತ್ತದೆ. ಭೂದೇವಿ ಅನಿಗೆ ಆ ಕಾಯಿಲೆ ಆಗದು. ಅಂಥವರನ್ನು ಮನೆಯಲ್ಲಿ ಸಾಯಲು ಬಿಡುವಂತಿಲ್ಲ, ಮಣ್ಣು ಮಾಡುವಂತಿಲ್ಲ. ಉನೋಕನನ್ನು ಕೆಟ್ಟ ಕಾಡಿಗೆ ಹೊತ್ತುಕೊಂಡು ಹೋಗಿ ಬಿಡುತ್ತಾರೆ. ಹೋಗುವಾಗ ಅವನು ತನ್ನ ಕೊಳಲನ್ನು ತೆಗೆದುಕೊಂಡು ಹೋಗುತ್ತಾನೆ.

ಒಕೊಂಕ್ವೊ ಚಿಕ್ಕವನಿದ್ದಾಗ ಜೊತೆಗಾರ ಹುಡುಗನೊಬ್ಬ "ನಿನ್ನಪ್ಪ ಅಗ್ಬಾಲ" ಎನ್ನುತ್ತಾನೆ. ಅಗ್ಬಾಲ ಎಂದರೆ ಹೆಣ್ಣು. ಯಾವ ಬಿರುದೂ ಇಲ್ಲದ ಗಂಡಸನ್ನೂ ಹಾಗೇ ಕರೆಯುತ್ತಾರೆ. ಆ ಒಂದು ಪದ ಅವನ ಎದೆಗೆ ಮುಳ್ಳಿನಂತೆ ಚುಚ್ಚಿ ಅಲ್ಲೇ ಉಳಿಯುತ್ತದೆ. ಅಪ್ಪ ಇಷ್ಟಪಟ್ಟದ್ದನ್ನೆಲ್ಲ ದ್ವೇಷಿಸಬೇಕು ಎಂದು ಅವನು ನಿರ್ಧರಿಸುತ್ತಾನೆ. ಮೃದುತನ ಅದರಲ್ಲಿ ಒಂದು. ಹಾಗಾಗಿ ಅವನ ಕೋಪದ ಕೆಳಗೆ ಇರುವುದು ಭಯ, ಎಲ್ಲಿ ಅಪ್ಪನಂತೆ ಕಾಣಿಸಿಬಿಡುತ್ತೇನೋ ಎಂಬ ಭಯ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ಕಾದಂಬರಿಯೇ ಬಾಯಿಬಿಟ್ಟು ಹೇಳುತ್ತದೆ.

ಇನ್ನೊಂದನ್ನು ಮಕ್ಕಳಿಗೆ ತೋರಿಸಿ. ಉಮುವೊಫಿಯದಲ್ಲಿ ಎಲ್ಲರೂ ಹೆದರುವ ಬೆಟ್ಟ–ಗುಹೆಗಳ ದೈವದ ಹೆಸರು ಕೂಡ ಪುಸ್ತಕದಲ್ಲಿ ಅಗ್ಬಾಲ ಎಂದೇ ಇದೆ, ಅದೇ ಅಕ್ಷರಗಳಲ್ಲಿ. ಆ ದೈವದ ಪೂಜಾರಿ ಹೆಂಗಸು. ಅವಳ ಒಪ್ಪಿಗೆ ಇಲ್ಲದೆ ಊರು ಯುದ್ಧಕ್ಕೂ ಹೋಗುವುದಿಲ್ಲ. ಒಕೊಂಕ್ವೊ ಬೈಗುಳವೆಂದು ಹೊತ್ತು ತಿರುಗಿದ ಪದ ಅವನ ಊರಿನಲ್ಲಿ ದೈವದ ಹೆಸರೂ ಆಗಿತ್ತು.

ಈಗ ಅಪ್ಪನ ಮಾತಿಗೆ ಬರೋಣ. ಒಕೊಂಕ್ವೊಗೆ ಅಪ್ಪನಿಂದ ಬಂದ ಕಣಜವಿಲ್ಲ, ಬಿತ್ತನೆಗೆ ಯಾಮ್ ಗೆಡ್ಡೆ ಇಲ್ಲ. ನ್ವಾಕಿಬಿಯೆ ಎಂಬ ಸಾಹುಕಾರನ ಹತ್ತಿರ ಹೋಗಿ ಕೇಳುತ್ತಾನೆ. ಅವನು 800 ಗೆಡ್ಡೆ ಕೊಡುತ್ತಾನೆ. ಬೆಳೆ ಬಂದರೆ ಮೂರರಲ್ಲಿ ಒಂದು ಪಾಲು ಮಾತ್ರ ದುಡಿದವನಿಗೆ. ಆ ವರ್ಷವೇ ಮಳೆ ಕೈಕೊಡುತ್ತದೆ. ಮೊದಲು ಬಿತ್ತಿದ್ದು ಒಣಗಿ ಹೋಗುತ್ತದೆ. ಆಮೇಲೆ ಬಂದ ಮಳೆ ಮಣ್ಣನ್ನೇ ಕೊಚ್ಚಿಕೊಂಡು ಹೋಗುತ್ತದೆ. ಸುಗ್ಗಿ ಸಾವಿನ ಮನೆಯಂತೆ ಇರುತ್ತದೆ. ಒಬ್ಬ ರೈತ ಮರಕ್ಕೆ ಬಟ್ಟೆ ಕಟ್ಟಿ ನೇಣು ಹಾಕಿಕೊಳ್ಳುತ್ತಾನೆ. ಗಮನಿಸಿ, ಕಾದಂಬರಿಯ ಮೊದಲ ನೇಣು ಇದು. ಆಗ ಕಾಯಿಲೆ ಬಿದ್ದ ಉನೋಕ ಮಗನನ್ನು ಕೂರಿಸಿಕೊಂಡು ಸಮಾಧಾನ ಹೇಳುತ್ತಾನೆ. ಅವನ ಮಾತಿನ ಸಾರ ಇಷ್ಟು: ನೀನು ಕಂಗೆಡುವುದಿಲ್ಲ ಎಂದು ಗೊತ್ತು. ನಿನ್ನದು ಅಭಿಮಾನದ ಎದೆ. ಊರಿಗೆ ಊರೇ ಸೋತಾಗ ಅಂಥ ಎದೆ ತಡೆದುಕೊಳ್ಳುತ್ತದೆ, ಏಕೆಂದರೆ ಆ ಸೋಲು ಅದರ ಅಭಿಮಾನವನ್ನು ಚುಚ್ಚುವುದಿಲ್ಲ. ಒಬ್ಬನೇ ಸೋತಾಗಲೇ ಕಷ್ಟ, ಆಗಲೇ ಹೆಚ್ಚು ಕಹಿ.

ಮಗನಿಗೆ ಇದು ಮುದುಕನ ವಟವಟ ಎನಿಸುತ್ತದೆ. ಕೇಳಲು ತಾಳ್ಮೆ ಇರುವುದಿಲ್ಲ. ಈ ವರ್ಷವನ್ನೇ ದಾಟಿದೆ, ಇನ್ನು ಏನನ್ನಾದರೂ ದಾಟುತ್ತೇನೆ ಎಂದು ಅವನ ನಂಬಿಕೆ. ಆದರೆ ಆ ವರ್ಷ ಎಲ್ಲರೂ ಸೋತಿದ್ದರು. ಒಬ್ಬನೇ ಸೋಲುವ ದಿನ ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಇಪ್ಪತ್ನಾಲ್ಕನೇ ಅಧ್ಯಾಯದ ಆ ಸಭೆಯಲ್ಲಿ, ಮಚ್ಚು ಬೀಸಿ ತಿರುಗಿ ನೋಡಿದಾಗ ಹಿಂದೆ ಯಾರೂ ಇಲ್ಲದಿದ್ದಾಗ. ಯಾರ ಮಾತಿಗೆ ಬೆಲೆಯೇ ಇಲ್ಲ ಎಂದುಕೊಂಡಿದ್ದನೋ ಆ ಅಪ್ಪನೇ ಮಗನನ್ನು ಸರಿಯಾಗಿ ಅಳೆದಿದ್ದ. ನನ್ನ ಮಟ್ಟಿಗೆ ಕಾದಂಬರಿಯ ಅತಿ ದೊಡ್ಡ ನೋವು ಇಲ್ಲಿದೆ.

ಈಗ ದೋಷದ ಮಾತು. ಒಕೊಂಕ್ವೊ ತನ್ನ ಸಂಸ್ಕೃತಿಯನ್ನು ಕಾಯಲು ಹೋಗಿ ಸತ್ತ ಎಂದು ಜಾಸ್ತಿ ಜನ ಬರೆಯುತ್ತಾರೆ. ಅದು ಅರ್ಧ ಸತ್ಯ. ಅವನು ಕಾಯಲು ಹೊರಟದ್ದು ಆ ಸಂಸ್ಕೃತಿಯ ಅರ್ಧವನ್ನು: ಯುದ್ಧ, ಯಾಮ್, ಬಿರುದು, ಗಂಡಸುತನ. ಇನ್ನರ್ಧ ಅವನಿಗೆ ಕಾಣಲೇ ಇಲ್ಲ. ಆ ಇನ್ನರ್ಧದ ಒಡತಿ ಭೂದೇವಿ ಅನಿ. ಬೆಳೆ ಅವಳದು, ನ್ಯಾಯ ಅವಳದು, ಸತ್ತವರು ಹೋಗಿ ಸೇರುವುದೂ ಅವಳ ಮಡಿಲನ್ನೇ. ಒಮ್ಮೆ ಒಕೊಂಕ್ವೊನ ತಪ್ಪುಗಳನ್ನು ಸಾಲಾಗಿ ನೋಡಿ. ಎಲ್ಲವೂ ಅನಿಯ ವಿರುದ್ಧವೇ ಇವೆ.

ಬಿತ್ತನೆಗೆ ಮುಂಚೆ ಬರುವ ಶಾಂತಿವಾರದಲ್ಲಿ ಯಾರೂ ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡುವಂತಿಲ್ಲ. ಕಿರಿಯ ಹೆಂಡತಿ ತಲೆ ಹೆಣೆಸಿಕೊಳ್ಳಲು ಹೋಗಿ ಅಡುಗೆ ಹೊತ್ತಿಗೆ ಬರಲಿಲ್ಲ ಎಂದು ಒಕೊಂಕ್ವೊ ಅವಳನ್ನು ಹೊಡೆಯುತ್ತಾನೆ. ಅನಿಯ ಪೂಜಾರಿ ಬಂದು ದಂಡ ಹಾಕುತ್ತಾನೆ: ಒಂದು ಹೆಣ್ಣು ಮೇಕೆ, ಒಂದು ಹೇಂಟೆ, ಒಂದು ತುಂಡು ಬಟ್ಟೆ, 100 ಕವಡೆ. ನೀನೊಬ್ಬ ಮಾಡಿದ ತಪ್ಪಿಗೆ ಊರೆಲ್ಲ ಹಾಳಾಗಬಹುದು ಎಂದು ಗದರಿಸುತ್ತಾನೆ.

ಎರಡನೆಯದು ಇಕೆಮೆಫುನ. ನಿಮ್ಮ ತರಗತಿಯಲ್ಲಿ ಇಲ್ಲಿ ಒಂದು ದಿನ ಪೂರ್ತಿ ನಿಲ್ಲಿ. ನೆರೆಯ ಊರಿನವರು ಕೊಲೆಯ ಪರಿಹಾರವಾಗಿ ಕೊಟ್ಟ ಹುಡುಗ ಅವನು. ಮೂರು ವರ್ಷ ಒಕೊಂಕ್ವೊನ ಮನೆಯಲ್ಲಿ ಬೆಳೆದು ಅವನನ್ನು ಅಪ್ಪ ಎಂದು ಕರೆಯುತ್ತಾನೆ. ಅವನನ್ನು ಕೊಲ್ಲಬೇಕೆಂದು ದೈವದ ಅಪ್ಪಣೆಯಾಗುತ್ತದೆ. ಊರಿನ ಅತಿ ಹಿರಿಯ ಎಜೆಯುಡು ಬಂದು, ಆ ಹುಡುಗ ನಿನ್ನನ್ನು ಅಪ್ಪ ಅನ್ನುತ್ತಾನೆ, ಅವನ ಸಾವಿಗೆ ನೀನು ಕೈ ಹಾಕಬೇಡ ಎಂದು ಹೇಳಿಹೋಗುತ್ತಾನೆ. ಆದರೂ ಒಕೊಂಕ್ವೊ ಜೊತೆಗೆ ಹೋಗುತ್ತಾನೆ. ಮೊದಲ ಏಟು ಬಿದ್ದಾಗ ಹುಡುಗ "ಅಪ್ಪಾ" ಎಂದು ಅವನ ಕಡೆಗೇ ಓಡಿ ಬರುತ್ತಾನೆ. ಒಕೊಂಕ್ವೊ ಕಡಿಯುತ್ತಾನೆ. ಯಾಕೆ? ಎಲ್ಲಿ ಪುಕ್ಕಲ ಅಂದುಕೊಂಡಾರೋ ಎಂಬ ಭಯಕ್ಕೆ. ಆಮೇಲೆ ಎರಡು ದಿನ ಅವನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಬರೀ ಹೆಂಡ ಕುಡಿಯುತ್ತಾನೆ. ಅವನು ಕಲ್ಲೆದೆಯವನಾಗಿದ್ದರೆ ಇದು ದುರಂತವೇ ಆಗುತ್ತಿರಲಿಲ್ಲ. ಪ್ರೀತಿ ಇತ್ತು. ಅದು ಕಂಡುಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಅದೇ ರಾತ್ರಿ ಮಗ ನ್ವೊಯೆಯ ಒಳಗೆ ಏನೋ ಕಳಚಿ ಬೀಳುತ್ತದೆ. ಮುಂದೆ ಅವನು ಕ್ರೈಸ್ತರ ಜೊತೆ ಸೇರಿದ್ದು ಈ ಗಾಯದಿಂದ.

ಗೆಳೆಯ ಒಬಿಯೆರಿಕ ಆ ದಿನ ಹೋಗಿರಲಿಲ್ಲ. ಅವನ ಮಾತು ಕೇಳಿ: ನನ್ನ ಮಗನನ್ನು ಕೊಲ್ಲಬೇಕು ಎಂದು ದೈವ ಹೇಳಿದರೆ ನಾನು ಎದುರಾಡುವುದಿಲ್ಲ, ಆದರೆ ಕೈಯಾರೆ ಕೊಲ್ಲುವುದೂ ಇಲ್ಲ. ನೀನು ಮಾಡಿದ್ದು ಭೂದೇವಿಗೆ ಒಪ್ಪುವಂಥದ್ದಲ್ಲ, ಇಂಥದ್ದಕ್ಕೆ ಅವಳು ವಂಶಕ್ಕೆ ವಂಶವನ್ನೇ ಅಳಿಸಿಬಿಡುತ್ತಾಳೆ. ಅಂದರೆ ಆ ಸಮಾಜದ ಒಳಗೇ, ಅದರ ನಿಯಮ ಮೀರದೆ, ಮನುಷ್ಯನಾಗಿ ಉಳಿಯಲು ಜಾಗವಿತ್ತು. ಆ ಸಮಾಜವೇ ಕ್ರೂರ, ಅವನೇನು ಮಾಡಲು ಸಾಧ್ಯ ಎನ್ನುವವರಿಗೆ ಈ ಎಂಟನೇ ಅಧ್ಯಾಯವೇ ಉತ್ತರ.

ಅದೇ ಅಧ್ಯಾಯದಲ್ಲಿ ಚಿಕ್ಕದೊಂದು ಸುದ್ದಿ ಬರುತ್ತದೆ. ನ್ಡುಲುವೆ ಎಂಬ ಮುದುಕ ಸಾಯುತ್ತಾನೆ. ಸುದ್ದಿ ಕೇಳಿದ ಅವನ ಹಿರಿಯ ಹೆಂಡತಿ ಒಜೊಯೆಮೆನ ಅದೇ ದಿನ ಪ್ರಾಣ ಬಿಡುತ್ತಾಳೆ. ಅವರಿಬ್ಬರದು ಒಂದೇ ಮನಸ್ಸು, ಅವಳಿಗೆ ಹೇಳದೆ ಅವನು ಏನೂ ಮಾಡುತ್ತಿರಲಿಲ್ಲ ಎಂದು ಗೆಳೆಯರು ನೆನೆಯುತ್ತಾರೆ. ಒಕೊಂಕ್ವೊಗೆ ಗೊಂದಲ. ನಾನು ಅವನನ್ನು ಗಟ್ಟಿ ಗಂಡಸು ಅಂದುಕೊಂಡಿದ್ದೆನಲ್ಲ! ಹೌದು, ಅವನು ಊರನ್ನು ಯುದ್ಧಕ್ಕೆ ನಡೆಸಿದವನೇ ಎಂದು ಉತ್ತರ ಬರುತ್ತದೆ. ಪರೀಕ್ಷೆಗೆ ಯಾರೂ ಕೇಳದ ಅರ್ಧ ಪುಟ ಇದು. ಆದರೆ ಇಗ್ಬೊ ಸಮಾಜ ಗಂಡಸುತನವನ್ನು ಹೇಗೆ ಕಂಡಿತ್ತು, ಒಕೊಂಕ್ವೊ ಹೇಗೆ ಕಂಡ ಎಂಬ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ಎಲ್ಲೂ ಸಿಗದು.

ಮೂರನೆಯದು ಎಜೆಯುಡುವಿನ ಶವಸಂಸ್ಕಾರದ ದಿನ. ಒಕೊಂಕ್ವೊನ ಕೋವಿ ಸಿಡಿದು ಅದೇ ಎಜೆಯುಡುವಿನ 16 ವರ್ಷದ ಮಗ ಸಾಯುತ್ತಾನೆ. ಬೇಕೆಂದು ಮಾಡಿದ್ದಲ್ಲ, ಆದರೂ ಕುಲದವನ ರಕ್ತ ಚೆಲ್ಲಿದ್ದು ಅನಿಗೆ ಮಾಡಿದ ಅಪರಾಧ. ಏಳು ವರ್ಷ ಊರು ಬಿಡಬೇಕು. ಅವನು ಹೋಗುವುದು ಎಂಬಾಂಟಕ್ಕೆ, ತಾಯಿಯ ತವರಿಗೆ. ಮುದುಕ ಸೋದರಮಾವ ಉಚೆಂಡು ಎಲ್ಲರ ಎದುರು ಅವನನ್ನು ಕೇಳುತ್ತಾನೆ: ಮಕ್ಕಳು ಅಪ್ಪನ ಕುಲಕ್ಕೆ ಸೇರಿದವರು, ಹಾಗಿದ್ದೂ ನಾವು ಹೆಣ್ಣುಮಕ್ಕಳಿಗೆ 'ನ್ನೇಕ' ಎಂದು ಯಾಕೆ ಹೆಸರಿಡುತ್ತೇವೆ? ನ್ನೇಕ ಎಂದರೆ ತಾಯಿಯೇ ದೊಡ್ಡವಳು. ಒಕೊಂಕ್ವೊಗೆ ಉತ್ತರ ಗೊತ್ತಿಲ್ಲ. ಸುಖದಲ್ಲಿದ್ದಾಗ ಅಪ್ಪನ ಊರು, ಕಷ್ಟ ಬಂದಾಗ ತಾಯಿಯ ಊರು ಎಂದು ಮಾವನೇ ಬಿಡಿಸಿ ಹೇಳುತ್ತಾನೆ. ಅಲ್ಲಿ ಹುಟ್ಟಿದ ಮಗಳಿಗೆ ಒಕೊಂಕ್ವೊ ನ್ನೇಕ ಎಂದೇ ಹೆಸರಿಡುತ್ತಾನೆ, ತಾಯಿಯ ಕಡೆಯವರ ಮರ್ಯಾದೆಗೆ. ಆದರೆ ಎರಡು ವರ್ಷದ ನಂತರ ಹುಟ್ಟಿದ ಮಗನಿಗೆ ಇಟ್ಟ ಹೆಸರು ನ್ವೊಫಿಯ, 'ಕಾಡಿನಲ್ಲಿ ಹುಟ್ಟಿದವನು'. ಏಳು ವರ್ಷ ಅನ್ನ ಕೊಟ್ಟ, ಹೊಲ ಕೊಟ್ಟ ತಾಯಿಯ ಊರು ಅವನ ಮನಸ್ಸಿನಲ್ಲಿ ಕೊನೆಗೂ ಕಾಡಾಗಿಯೇ ಉಳಿಯಿತು.

ನಾಲ್ಕನೆಯದು ಆ ನೇಣು. ತನ್ನ ಪ್ರಾಣ ತಾನೇ ತೆಗೆದುಕೊಳ್ಳುವುದೂ ಅನಿಗೆ ಮಾಡುವ ಅಪರಾಧವೇ. ಅದಕ್ಕೆ ಆಮೇಲೆ ಬರುತ್ತೇನೆ.

ಬಿಳಿಯರು ಬರದೇ ಇದ್ದಿದ್ದರೆ? ಇಲ್ಲಿ ತುಂಬಾ ಎಚ್ಚರ ಬೇಕು. ಮೇಲಿನ ಮೂರೂ ತಪ್ಪುಗಳು ಬಿಳಿಯರು ಬರುವ ಮುಂಚೆ ನಡೆದವು. ಹಾಗಾಗಿ ಅವನ ಬಿರುಕು ಅವನದೇ. ಆದರೆ ಒಕೊಂಕ್ವೊ ಬಾಗಿದ್ದರೆ ಊರು ಉಳಿಯುತ್ತಿತ್ತು ಎಂದು ಯಾರಾದರೂ ಬರೆದರೆ ಅಂಕ ಕಳೆಯಿರಿ. ಅವನೊಬ್ಬ ಬಾಗುವುದರಿಂದ ಬಂದೂಕು ನಿಲ್ಲುತ್ತಿರಲಿಲ್ಲ. ಕಾದಂಬರಿಯಲ್ಲಿ ಅಬಾಮೆ ಎಂಬ ಊರನ್ನು, ಸೈಕಲ್ಲಿನಲ್ಲಿ ಬಂದ ಒಬ್ಬ ಬಿಳಿಯನನ್ನು ಕೊಂದದ್ದಕ್ಕೆ, ಸಂತೆಯ ದಿನ ಸುತ್ತುವರಿದು ನಾಶ ಮಾಡುತ್ತಾರೆ. ಇದರ ಹಿಂದೆ ನಿಜವಾದ ಘಟನೆಯಿದೆ. 1905ರಲ್ಲಿ ಅಹಿಯಾರದ ಬಳಿ ಸೈಕಲ್ಲಿನಲ್ಲಿ ದಾರಿ ತಪ್ಪಿ ಬಂದ ಬ್ರಿಟಿಷ್ ವೈದ್ಯನನ್ನು ಜನ ಕೊಂದರು. ಬ್ರಿಟಿಷರು ಆ ಸೀಮೆಯ ಮೇಲೆ ದಂಡೆತ್ತಿ ಹೋದರು. ಉಮುವೊಫಿಯದಲ್ಲೂ ಆರು ಮಂದಿ ಮುಖಂಡರನ್ನು ಮಾತುಕತೆಗೆಂದು ಕರೆದು, ಬೇಡಿ ಹಾಕಿ, ತಲೆ ಬೋಳಿಸಿ ಹೊಡೆಯುತ್ತಾರೆ. ಊರಿಗೆ 200 ಚೀಲ ಕವಡೆ ದಂಡ. ಜವಾನರು ಅದನ್ನು 250 ಎಂದು ಹೇಳಿ ಉಳಿದದ್ದನ್ನು ನುಂಗುತ್ತಾರೆ. ಆ ಅವಮಾನ ನಿಜ. ಒಕೊಂಕ್ವೊನ ಸಿಟ್ಟು ನ್ಯಾಯವಾದದ್ದು. ದುರಂತ ನಾಯಕ ಪೂರ್ತಿ ತಪ್ಪಿದ್ದರೆ ನಮಗೆ ಎದೆ ನೋಯುವುದಿಲ್ಲ. ಇವನು ಅರ್ಧ ಸರಿ, ಅದಕ್ಕೇ ನೋವು.

ಜೊತೆಗೆ ಆ ಸಮಾಜ ತಾನಾಗಿಯೇ ಬದಲಾಗುತ್ತಿತ್ತು ಎನ್ನುವುದನ್ನೂ ಹೇಳಿ. ಹಿಂದೆ ಶಾಂತಿವಾರ ಮುರಿದವನನ್ನು ಸಾಯುವ ತನಕ ಊರೆಲ್ಲ ಎಳೆಯುತ್ತಿದ್ದರಂತೆ. ಶಾಂತಿ ಕಾಯಲು ಹೋಗಿ ಶಾಂತಿಯನ್ನೇ ಕೆಡಿಸಿದಂತಾಯಿತು ಎಂದು ಅದನ್ನು ಕೈಬಿಟ್ಟರು. ಇದನ್ನು ಹೇಳುವವನು ಮುದುಕ ಎಜೆಯುಡು. ಒಬಿಯೆರಿಕ ಕೂಡ ತನ್ನ ಹೆಂಡತಿ ಹೆತ್ತ ಅವಳಿ ಮಕ್ಕಳನ್ನು ಕಾಡಿಗೆ ಎಸೆದದ್ದನ್ನು ನೆನೆದು, ಆ ಕೂಸುಗಳು ಮಾಡಿದ ತಪ್ಪೇನು ಎಂದು ಕೊರಗುತ್ತಾನೆ. ಊರಿನ ಒಳಗೇ ಪ್ರಶ್ನೆ ಎದ್ದಿತ್ತು. ಉತ್ತರ ಹುಡುಕಿಕೊಳ್ಳಲು ಬಿಳಿಯರು ಸಮಯ ಕೊಡಲಿಲ್ಲ.

ಅರಿಸ್ಟಾಟಲನ ಅಳತೆಗೆ ಒಕೊಂಕ್ವೊ ಹೆಚ್ಚುಕಡಿಮೆ ಹೊಂದುತ್ತಾನೆ. ದೊಡ್ಡವನು, ಪೂರ್ತಿ ಕೆಟ್ಟವನಲ್ಲ, ಒಂದು 'ಹಮಾರ್ತಿಯ'ದಿಂದ ಬೀಳುತ್ತಾನೆ. ಆ ಗ್ರೀಕ್ ಪದದ ಮೂಲ ಅರ್ಥ ಗುರಿ ತಪ್ಪುವುದು. ಆದರೆ ಅವನಿಗೆ ತನ್ನ ತಪ್ಪು ಅರಿವಾಗುವ ಗಳಿಗೆ ಕಾದಂಬರಿಯಲ್ಲಿ ಎಲ್ಲೂ ಇಲ್ಲ. ಸಾಯುವ ಮುಂಚೆ ಅವನೇನು ಯೋಚಿಸಿದ ಎಂದು ಅಚಿಬೆ ಬರೆಯುವುದೇ ಇಲ್ಲ. ಅರಿವು ಬರುವುದು ಒಬಿಯೆರಿಕನಿಗೆ, ಓದುವ ನಮಗೆ.

ಇಗ್ಬೊ ಅಳತೆಗೋಲು ಬೇರೆ. ಪ್ರತಿ ಮನುಷ್ಯನಿಗೂ ಒಂದು 'ಚಿ' ಇರುತ್ತದೆ, ಅವನ ಪಾಲಿನ ದೈವ. ಮನುಷ್ಯ ಹೂಂ ಎಂದರೆ ಅವನ ಚಿ ಕೂಡ ಹೂಂ ಎನ್ನುತ್ತದೆ ಎಂದು ಗಾದೆ. ಒಕೊಂಕ್ವೊ ಬದುಕಿಡೀ ಇದೊಂದೇ ಗಾದೆಯನ್ನು ನೆಚ್ಚಿಕೊಂಡ. ಊರು ಬಿಟ್ಟ ಮೇಲೆ, ನಾನು ಹೂಂ ಎಂದರೂ ನನ್ನ ಚಿ ಊಹೂಂ ಎಂದಿತಲ್ಲ ಎಂದು ಮಿಡುಕುತ್ತಾನೆ. ಅಚಿಬೆ ಚಿ ಬಗ್ಗೆ ಬರೆದ ಪ್ರಬಂಧದಲ್ಲಿ ಇನ್ನೊಂದು ಇಗ್ಬೊ ಮಾತನ್ನು ಎತ್ತಿ ತೋರಿಸುತ್ತಾರೆ: ಒಂದು ನಿಂತ ಕಡೆ ಅದರ ಪಕ್ಕ ಇನ್ನೊಂದು ನಿಲ್ಲುತ್ತದೆ. ಯಾವುದೂ ಒಂಟಿಯಾಗಿ ಪೂರ್ತಿಯಲ್ಲ. ಒಕೊಂಕ್ವೊನ ಹಮಾರ್ತಿಯ ಏನು ಎಂದು ಮಕ್ಕಳು ಕೇಳಿದರೆ ನಾನು ಈ ಮಾತನ್ನೇ ಮುಂದಿಡುತ್ತೇನೆ. ಅವನು ಪಕ್ಕದಲ್ಲಿ ನಿಂತ ಇನ್ನೊಂದನ್ನು ನೋಡಲಿಲ್ಲ. ಅಚಿಬೆಯವರದೇ 1964ರ 'ಆರೋ ಆಫ್ ಗಾಡ್' ಕಾದಂಬರಿಯ ಪೂಜಾರಿ ಎಜೆಯುಲುವನ್ನೂ ಸಾಧ್ಯವಾದರೆ ಓದಿ. ಅವನು ಒಕೊಂಕ್ವೊಗಿಂತ ಬುದ್ಧಿವಂತ, ಬದಲಾವಣೆಯನ್ನು ಅರಿತವನು, ಮಗನನ್ನೇ ಚರ್ಚಿಗೆ ಕಳಿಸಿದವನು. ಆದರೂ ಹೊಸ ಯಾಮ್ ಹಬ್ಬ ಸಾರದೆ ಹಠ ಹಿಡಿದು ಊರನ್ನು ಹಸಿವಿಗೆ ನೂಕಿ, ಕೊನೆಗೆ ಬುದ್ಧಿ ಕಳೆದುಕೊಳ್ಳುತ್ತಾನೆ. ನನಗೆ ಅವನೇ ಹೆಚ್ಚು ಕಾಡುವವನು, ಆದರೆ ಅದು ಇನ್ನೊಂದು ದಿನದ ಮಾತು.

ಗ್ರೀಕ್ ಹೋಲಿಕೆ ಬೇಕೇ ಬೇಕು ಎಂದರೆ ಈಡಿಪಸ್‌ಗಿಂತ ಸೊಫೊಕ್ಲಿಸನ 'ಅಯಾಸ್' ನಾಟಕದ ನಾಯಕ ಹತ್ತಿರ. ಬಿ.ಎಂ.ಶ್ರೀ ಅವರ 'ಅಶ್ವತ್ಥಾಮನ್' ಮೂಲಕ ಆ ನಾಟಕ ಕನ್ನಡಕ್ಕೂ ಬಂದಿದೆ. ಅಯಾಸ್ ಕೂಡ ಮಹಾವೀರ. ಅವಮಾನ ತಾಳದೆ ತನ್ನ ಕತ್ತಿಯ ಮೇಲೇ ಬೀಳುತ್ತಾನೆ. ನಾಟಕದ ಉಳಿದ ಭಾಗವೆಲ್ಲ ಅವನ ಹೆಣಕ್ಕೆ ಮಣ್ಣು ಕೊಡಬೇಕೋ ಬೇಡವೋ ಎಂಬ ಜಗಳ. ಕೊನೆಗೆ ವೈರಿ ಒಡಿಸ್ಯೂಸನೇ ಬಂದು, ಸಂಸ್ಕಾರ ಆಗಲಿ ಎಂದು ವಾದಿಸಿ ಗೆಲ್ಲುತ್ತಾನೆ. ಒಕೊಂಕ್ವೊಗೆ ಆ ಭಾಗ್ಯವೂ ಇಲ್ಲ. ಇಲ್ಲಿ ಪ್ರಾಣಸ್ನೇಹಿತನೇ ಹೆಣ ಮುಟ್ಟುವಂತಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ' ಓದಿದ ಮಕ್ಕಳಿಗೆ, ಯಾರೂ ಮುಟ್ಟದ ಹೆಣ ಒಂದು ಊರನ್ನು ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ. ಬ್ರಿಟಿಷ್ ಜಿಲ್ಲಾ ಕಮಿಷನರ್ ಒಕೊಂಕ್ವೊನನ್ನು ಹಿಡಿಯಲು ಬಂದಾಗ ಒಬಿಯೆರಿಕ ಅವರನ್ನು ಮನೆಯ ಹಿಂದಿನ ಮರದ ಹತ್ತಿರ ಕರೆದೊಯ್ಯುತ್ತಾನೆ. ನಿಮ್ಮ ಜನ ಹೆಣ ಇಳಿಸಿಕೊಡಿ ಎಂದು ಕೇಳುತ್ತಾನೆ. ನಮ್ಮವರು ಇಳಿಸುವಂತಿಲ್ಲ, ಇದು ಭೂಮಿಗೆ ಮಾಡಿದ ಅಪರಾಧ, ಹೊರಗಿನವರೇ ಮಣ್ಣು ಮಾಡಬೇಕು ಎಂದು ವಿವರಿಸುತ್ತಾರೆ. ಆಮೇಲೆ ಒಬಿಯೆರಿಕ ತೂಗುತ್ತಿರುವ ಗೆಳೆಯನ ಕಡೆ ನೋಡಿ ಕಮಿಷನರ್‌ಗೆ ಹೇಳುತ್ತಾನೆ: ಇವನು ಉಮುವೊಫಿಯದ ಅತಿ ದೊಡ್ಡ ಮನುಷ್ಯರಲ್ಲಿ ಒಬ್ಬ, ಇವನು ಸಾಯುವ ಹಾಗೆ ಮಾಡಿದವರು ನೀವು, ಈಗ ಇವನನ್ನು ನಾಯಿಯಂತೆ ಹೂಳುತ್ತಾರೆ. ಇನ್ನೂ ಏನೋ ಹೇಳಲು ಹೋದಾಗ ದನಿ ನಡುಗಿ ಮಾತು ನಿಲ್ಲುತ್ತದೆ.

ಮಗಳೇ, ಅದು ಹೇಡಿತನ ಅಲ್ಲ ಎಂದು ಅವಳಿಗೆ ಹೇಳಿ. ಹಾಗೆಂದು ಶೌರ್ಯವೂ ಅಲ್ಲ. ಬಿಳಿಯರ ನೇಣಿಗೆ ಕೊರಳು ಕೊಡಲಿಲ್ಲ ಎಂದು ಕೆಲವರು ಹೊಗಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೊಗಳುವುದಾದರೆ ಅವನ ಜನ ಹೊಗಳಬೇಕಿತ್ತು, ಅವರಿಗೋ ಅವನನ್ನು ಮುಟ್ಟಲೂ ಆಗಲಿಲ್ಲ. ಅವನು ಒಬ್ಬನೇ ಸೋತಿದ್ದ. ತನ್ನ ಹಿಂದೆ ಕುಲವಿದೆ ಎಂದು ನಂಬಿ ಬದುಕಿದವನಿಗೆ ತಿರುಗಿದಾಗ ಯಾರೂ ಕಾಣಲಿಲ್ಲ. ಉನೋಕ ಹೇಳಿದ್ದ ಕಹಿ ಅದೇ. ಅಪ್ಪನಂತೆ ಆಗಬಾರದು ಎಂದು ಬದುಕಿಡೀ ಓಡಿದ ಮಗನಿಗೂ ಕೊನೆಗೆ ಅಪ್ಪನಿಗೆ ಆದದ್ದೇ ಆಯಿತು. ಅನಿಗೆ ಬೇಡವಾದ ಸಾವು. ಕುಲದವರ ಕೈಯ ಮಣ್ಣು ಇಬ್ಬರಿಗೂ ಸಿಗಲಿಲ್ಲ.

ಮುಂದಿನ ತರಗತಿಯಲ್ಲಿ ಮೂರನೇ ಅಧ್ಯಾಯದ ಕೊನೆಯ ಪುಟವನ್ನೂ ಇಪ್ಪತ್ತೈದನೇ ಅಧ್ಯಾಯವನ್ನೂ ಒಂದರ ಹಿಂದೆ ಒಂದು ಓದಿಸಿ, ನಡುವೆ ಏನೂ ವಿವರಿಸಬೇಡಿ. ಉನೋಕನ ಮಾತನ್ನು ಆ ವಿದ್ಯಾರ್ಥಿನಿಯೇ ಗಟ್ಟಿಯಾಗಿ ಓದಲಿ.